ಗೆಣಸಿನ ಬಳ್ಳಿ ಕಿಟ್: ತಪ್ಪಲಕ್ಕಂದ್ರ ತಗೋರಿ, ಗೆಡ್ಡಿ ಆಸೆಗೆ ಬ್ಯಾಡ

ಪುಣೆದಾಗ ಸೋಲಾಪುರ ರೋಡಿಗೆ ಸಾಲಾಗಿ ನರ್ಸರಿ ಅದಾವಲ್ಲ, ಅಲ್ಲೇ ಒಂದ್ರಾಗ ಜೂನ್ ತಿಂಗಳಾಗ ಈ ಕಿಟ್ ತಗೊಂಡೆ. 350 ರೂಪಾಯಿಗೆ ಎರಡು ಗ್ರೋ ಬ್ಯಾಗ್, ಅದಕ್ಕ ರೆಡಿ ಮಣ್ಣು, ಆರು ಬಳ್ಳಿ ತುಂಡು. ನಮ್ಮದು ಬೆಳಗಾವಿ ಕಡೆ, ಗೆಣಸು ನಮಗೇನ ಹೊಸದಲ್ಲ, ಅಲ್ಲಿಂದನ ಮಹಾರಾಷ್ಟ್ರಕ್ಕ ಲಾರಿ ತುಂಬಿ ಬರ್ತಾವ, ಏಕಾದಶಿ ಶಿವರಾತ್ರಿ ಬಂತಂದ್ರ ಇಲ್ಲಿ ಮಂಡೈ ಅಂದ್ರ ಕಾಯಿಪಲ್ಲೆ ಮಾರ್ಕೆಟ್‌ದಾಗ ಗೆಣಸನ್ನ ರತಾಳ ಅಂತ ರಾಶಿ ಹಾಕಿರ್ತಾರ. ಆದ್ರ ಅದರ ತಪ್ಪಲ ನನಗ ಯಾವ ಭಾಜಿ ಅಂಗಡ್ಯಾಗೂ ಸಿಕ್ಕಿಲ್ಲ, ಅದಕ್ಕ ಬಾಲ್ಕನ್ಯಾಗ ಹಚ್ಚೂಣು ಅಂತ.

ಆರರಾಗ ಎರಡು ತುಂಡು ಒಣಗಿದ್ವು. ಫೋನ್ ಮಾಡಿದ್ರ ನೀರ ಹಾಕ್ರಿ ಚಿಗೀತಾವ ಅಂದ್ರು, ಚಿಗೀಲಿಲ್ಲ. ಯಾವ ತಳಿ ಅಂತ ಕೇಳಿದ್ರ ಅದೂ ಗೊತ್ತಿಲ್ಲ. ತಿರುವನಂತಪುರದ ಗೆಡ್ಡೆ ಬೆಳೆ ಸಂಶೋಧನಾ ಸಂಸ್ಥೆಯವರ ಭೂ ಸೋನಾ ತಳಿ ಒಳಗ ಕೇಸರಿ ಇರ್ತದ, ಭೂ ಕೃಷ್ಣ ತಳಿ ನೇರಳೆ, ಇಷ್ಟರ ಮಾರೋವರು ಹೇಳಬೇಕಲ್ರಿ.

ಉಳಿದ ನಾಲ್ಕು ಮಾತ್ರ ಭಾರೀ ಬಂದ್ವು. ಎರಡು ಮೂರು ಗಿಣ್ಣು ಮಣ್ಣಾಗ ಮುಚ್ಚೂಹಂಗ ಓರೆ ಮಾಡಿ ಹಚ್ಚಿದ್ದೆ, ಮಳಿ ಹಿಡೀತು, ಜುಲೈ ಕೊನಿಗೆ ಗ್ರಿಲ್ ತುಂಬ ಹಬ್ಬಿಬಿಟ್ಟಿತ್ತು. ಕುಡಿ ಚಿವುಟಿದ ಕೂಡ್ಲೆ ಬಿಳಿ ಹಾಲು ಬರ್ತದ, ಬೆರಳಿಗೆ ಅಂಟಂಟ ಆಗ್ತದ, ಅದಕ್ಕ ಹೆದರಬ್ಯಾಡ್ರಿ. ಮೊದಲ ಬಿಸಿನೀರಾಗ ಎರಡು ನಿಮಿಷ ಕುದಿಸಿ ಆ ನೀರ ಚೆಲ್ರಿ, ಕಿಡ್ನ್ಯಾಗ ಕಲ್ಲು ಕಟ್ಟಸೂ ಆಕ್ಸಲೇಟ್ ಅನ್ನೂ ಅಂಶ ಕಡಿಮಿ ಆಗ್ತದ, ಕಿಡ್ನಿ ಸ್ಟೋನ್ ಇದ್ದವರು ಡಾಕ್ಟರಿಗೆ ಕೇಳಿನ ತಿನ್ನಬೇಕು. ಆಮ್ಯಾಲೆ ಬೆಳ್ಳುಳ್ಳಿ ಜಜ್ಜಿ, ಹಸಿ ಮೆಣಸಿನಕಾಯಿ, ನೆನೆಸಿದ ಹೆಸರಬ್ಯಾಳಿ ಹಾಕಿ ಒಗ್ಗರಣಿ, ಮ್ಯಾಲೆ ಶೇಂಗಾ ಪುಡಿ. ಬುಟ್ಟಿ ತುಂಬ ಹರಿದದ್ದು ಬಾಣಲ್ಯಾಗ ಒಂದ ಮುಷ್ಟಿ ಆಗ್ತದ. ಬಸಳಿಯಷ್ಟು ಲೋಳಿ ಇಲ್ಲ, ಪಾಲಕ್‌ಗಿಂತ ಬಾಯಿಗೆ ಗಟ್ಟಿ ಸಿಗ್ತದ, ಬಿಸಿ ಜ್ವಾಳದ ರೊಟ್ಟಿ ಜೋಡಿ ನಮ್ಮ ಮನ್ಯಾಗ ವಾರಕ್ಕೊಮ್ಮೆ ಆಗೇ ಆಗ್ತದ. ಎದುರು ಮನಿ ಕಾಕೂ ರತಾಳ ತುರಿದು ಕೀಸ ಮಾಡ್ತಾರ ಆದ್ರ ತಪ್ಪಲ ತಿಂತಾರಂತ ಗೊತ್ತ ಇರಲಿಲ್ಲ ಅವರಿಗೆ, ಒಂದ ವಾಟಿ ಕೊಟ್ಟೆ, ಮರುದಿನ ವಾಟಿ ತೊಳದು ತಂದು ಮತ್ತ ಕೇಳಿದ್ರು. ಒಂದ ಮಾತು, ಇದು ಗೆಣಸಿನ ತಪ್ಪಲಕ್ಕಷ್ಟ, ಆಲೂಗಡ್ಡಿ ಗಿಡದ ಎಲಿ ವಿಷ, ಅದನ್ನ ಯಾರೂ ತಿನ್ನಬ್ಯಾಡ್ರಿ.

ಗೆಡ್ಡಿ ವಿಷಯದಾಗ ಬಾಳ ಬ್ಯಾಸರಾತು. 110 ದಿನ ಬಿಟ್ಟು ಅಕ್ಟೋಬರದಾಗ ಬ್ಯಾಗ್ ಬಗ್ಗಿಸಿ ನೋಡಿದ್ರ ಎರಡೂ ಕೂಡಿ ಅರ್ಧ ಕಿಲೋನೂ ಇಲ್ಲ, ಎಲ್ಲಾ ಬೆರಳ ದಪ್ಪ. ಅವರ ರೆಡಿ ಮಣ್ಣಂದ್ರ ಬರೀ ಗೊಬ್ಬರ ಮತ್ತ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ನೈಟ್ರೋಜನ್ ಜಾಸ್ತಿ ಆದ್ರ ಬಳ್ಳಿ ಎಲಿನ ಬೆಳಸ್ತದ, ಗೆಡ್ಡಿ ಕಟ್ಟಂಗಿಲ್ಲ. ನಾನೂ ವಾರವಾರ ಕುಡಿ ಕೊಯ್ದಿದ್ದೆ, ಅದರಿಂದನೂ ಗೆಡ್ಡಿಗೆ ಪೆಟ್ಟು ಬೀಳ್ತದ ಖರೆ, ಆದ್ರ ಕವರ್ ಮ್ಯಾಲೆ ದೊಡ್ಡ ಗೆಣಸಿನ ಫೋಟೋ ಹಾಕಿ ಆ ಮಣ್ಣು ಕೊಡೂದು ಸರಿ ಅಲ್ಲ.

ಈಗ ಅದೇ ಬಳ್ಳಿ ಒಂದು ಗೇಣು ಕತ್ತರಿಸಿ, ಥರ್ಮೋಕೋಲ್ ಡಬ್ಬ್ಯಾಗ ಕೆಮ್ಮಣ್ಣು, ಉಸುಕು, ಒಂದ ಹಿಡಿ ಗೊಬ್ಬರ ಕೂಡಿಸಿ ಹಚ್ಚೀನಿ, ಅದರ ಕುಡಿ ಮುಟ್ಟಂಗಿಲ್ಲ ಅಂತ ಮನ್ಯಾಗ ಹೇಳಿಟ್ಟೀನಿ. ಅದೇ ನರ್ಸರ್ಯಾಗ ಬಿಡಿ ಬಳ್ಳಿ 10 ರೂಪಾಯಿಗೊಂದು ಕೊಡ್ತಾರ, ನೀವು ಹೋದ್ರ ಅದನ್ನಷ್ಟ ತಗೋರಿ, ತಗೊಳ್ಳೂ ಮುಂಚೆ ಉಗುರಿನಿಂದ ಚೂರು ಗೀರಿ ನೋಡ್ರಿ, ಹಾಲು ಬಂದ್ರ ಜೀವ ಐತಿ ಅಂತ.