ಗುಂಗುರನೋ ಕುಂಭಕರ್ಣನೋ: ಎರಡು ಟರಾಂಟುಲಾ, ನಾಲ್ಕು ವರ್ಷ

ಅರಿಜೋನಾದ ಚಾಂಡ್ಲರ್‌ಗೆ ಬಂದ ಹೊಸದರಲ್ಲಿ ಎರಡು ಟರಾಂಟುಲಾ, ಅಂದರೆ ಮೈತುಂಬ ರೋಮವಿರುವ ದೊಡ್ಡ ಜಾತಿಯ ಜೇಡದ ಮರಿಗಳನ್ನು ಒಂದೇ ದಿನ ಮನೆಗೆ ತಂದೆ. ಕಾಲು ಚಾಚಿದರೂ ಅಲಸಂದೆ ಕಾಳಿನಷ್ಟೇ ಇದ್ದವು. ಒಂದು ಇಲ್ಲಿನದೇ ಸೊನೋರನ್ ಮರುಭೂಮಿಯ ಅರಿಜೋನಾ ಬ್ಲಾಂಡ್. ಇನ್ನೊಂದು ಮಧ್ಯ ಅಮೆರಿಕದ ಕರ್ಲಿ ಹೇರ್. ಇದರ ವೈಜ್ಞಾನಿಕ ಹೆಸರು ಟ್ಲಿಲ್ಟೊಕಾಟ್ಲ್ ಆಲ್ಬೊಪಿಲೋಸಸ್. ಅದನ್ನು ಸರಿಯಾಗಿ ಹೇಳಿ ಮುಗಿಸುವಷ್ಟರಲ್ಲಿ ಜೇಡ ಒಂದು ಪೊರೆ ಬಿಟ್ಟಿರುತ್ತದೆ. ಹಾಗಾಗಿ ಮಗಳು ಗುಂಗುರು ಕೂದಲಿನದಕ್ಕೆ ಗುಂಗುರ ಅಂತ ಹೆಸರಿಟ್ಟಳು. ಮರುಭೂಮಿಯದು ಕುಂಭಕರ್ಣ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಇವತ್ತಿನ ಲೆಕ್ಕ ಹೀಗಿದೆ. ಗುಂಗುರ 12 ಸಲ ಪೊರೆ ಬಿಟ್ಟಿದ್ದಾನೆ, ಕಾಲು ಚಾಚಿದರೆ 12 ಸೆಂಟಿಮೀಟರ್. ಕುಂಭಕರ್ಣ 6 ಸಲ, ಮೂರೂವರೆ ಸೆಂಟಿಮೀಟರ್.

ಬಿಲ ತೋಡುವುದನ್ನು ನೋಡುವ ಆಸೆ ಇದ್ದರೆ ಗುಂಗುರನಿಗೇ ನನ್ನ ವೋಟು. ಮಣ್ಣು ಹಾಕಿದ ರಾತ್ರಿಯೇ ಕೆಲಸ ಶುರು ಮಾಡಿದ. ಅದೂ ಡಬ್ಬಿಯ ಗೋಡೆಗೆ ಅಂಟಿಕೊಂಡೇ ತೋಡಿದ್ದರಿಂದ ನನಗೆ ಕಿಟಕಿ ಸಿಕ್ಕಂತಾಯಿತು. ಕೆಂಪು ಟಾರ್ಚು ಹಿಡಿದು ಕೂತರೆ ಎಲ್ಲ ಕಾಣುತ್ತಿತ್ತು. ಕೋರೆಹಲ್ಲಿನಿಂದ ಮಣ್ಣು ಕೆದರುತ್ತಾನೆ. ಅದಕ್ಕೆ ಸ್ವಲ್ಪ ನೂಲು ಸುತ್ತಿ ಉಂಡೆ ಮಾಡುತ್ತಾನೆ. ಬಾಯಿಯ ಪಕ್ಕದ ಎರಡು ಗಿಡ್ಡ ಕೈಗಳಲ್ಲಿ ಆ ಉಂಡೆಯನ್ನು ಎದೆಗವಚಿಕೊಂಡು, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಮೇಲೆ ಬರುತ್ತಾನೆ. ತಂದು ಹಾಕುವುದು ಎಲ್ಲಿ? ನೀರಿನ ಬಟ್ಟಲಿಗೆ. ಬೆಳಿಗ್ಗೆ ಎದ್ದರೆ ಬಟ್ಟಲಲ್ಲಿ ಕೆಸರು. ತೊಳೆದಿಟ್ಟರೆ ಮತ್ತೆ ಅದೇ ಕತೆ.

ಕುಂಭಕರ್ಣ ಮೊದಲ ಮೂರು ತಿಂಗಳು ಒಂದು ಮೂಲೆ ಬಿಟ್ಟು ಅಲ್ಲಾಡಲಿಲ್ಲ. ತಪ್ಪು ನನ್ನದೇ. ಎರಡಕ್ಕೂ ಕೋಕೋಪೀಟ್ ಹಾಕಿದ್ದೆ. ನಮ್ಮ ತಿಪಟೂರು ಕಡೆ ನಾರಿನ ಫ್ಯಾಕ್ಟರಿಗಳ ಪಕ್ಕ ರಾಶಿ ಬಿದ್ದಿರುತ್ತಲ್ಲ, ಅದನ್ನೇ ಇಟ್ಟಿಗೆ ಮಾಡಿ ಇಲ್ಲಿ ಡಾಲರ್‌ಗೆ ಮಾರುತ್ತಾರೆ. ಒದ್ದೆ ಇದ್ದಾಗ ಅದು ಒಳ್ಳೆಯದೇ. ಗುಂಗುರನಿಗೆ ತೇವ ಬೇಕು, ಹಾಗಾಗಿ ಸರಿಹೋಯಿತು. ಮರುಭೂಮಿಯ ಜೇಡಕ್ಕೆ ಮೇಲ್ಮಣ್ಣು ಒಣಗಿರಬೇಕು, ಆದರೆ ಒಣಗಿದ ಕೋಕೋಪೀಟ್ ರವೆ ಥರ ಉದುರುತ್ತದೆ. ಅದರಲ್ಲಿ ಬಿಲ ನಿಲ್ಲುವುದು ಎಲ್ಲಿಂದ ಬಂತು? ಗೊಬ್ಬರ ಸೇರದ ತೋಟದ ಮಣ್ಣಿಗೆ ಜೇಡಿಮಣ್ಣು ಕಲಸಿ, ಒದ್ದೆ ಮಾಡಿ, ಗಟ್ಟಿಯಾಗಿ ಒತ್ತಿ ಒಣಗಿಸಿದೆ. ಬೆರಳಲ್ಲಿ ಒಂದು ಕುಳಿ ಮಾಡಿಕೊಟ್ಟೆ. ಎರಡೇ ದಿನದಲ್ಲಿ ಒಳಗೆ ಹೋದ. ಡಬ್ಬಿಯ ನಟ್ಟನಡುವೆ ನೇರ ಕೆಳಕ್ಕೆ ತೋಡಿದ್ದಾನೆ, ಗೋಡೆಯ ಕಡೆಯಿಂದ ಏನೂ ಕಾಣುವುದಿಲ್ಲ!

ಪೊರೆ ಬಿಡುವುದರಲ್ಲೂ ಅದೇ ವ್ಯತ್ಯಾಸ. ಗುಂಗುರ ಊಟ ಬಿಟ್ಟ, ಹೊಟ್ಟೆ ಕಪ್ಪಾಗಿ ಮಿರುಗತೊಡಗಿತು ಅಂದರೆ ನಾನು ತಯಾರು. ಬಿಲದ ಬಾಯಲ್ಲಿ ನೂಲಿನ ಚಾಪೆ ಹಾಸಿ ಅಂಗಾತ ಮಲಗುತ್ತಾನೆ. ಮೊದಲ ಸಲ ಹೆಂಡತಿ ನೋಡಿ, "ರೀ, ನಿಮ್ಮ ಹುಳ ಹೋಯ್ತು" ಅಂದಳು. ಸಾಯುವ ಜೇಡ ಸಾಮಾನ್ಯವಾಗಿ ನಿಂತಲ್ಲೇ ಕಾಲುಗಳನ್ನು ಹೊಟ್ಟೆಯಡಿ ಮಡಚಿಕೊಳ್ಳುತ್ತದೆ. ಅಂಗಾತ ಬಿದ್ದಿದ್ದರೆ ಮುಟ್ಟಲೇಬೇಡಿ. ಮೊದಲು ಬೆನ್ನಿನ ಚಿಪ್ಪು ಡಬ್ಬಿ ಮುಚ್ಚಳದ ಹಾಗೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಎಂಟೂ ಕಾಲುಗಳನ್ನು, ಬಿಗಿಯಾದ ಕಾಲುಚೀಲ ಎಳೆದಂತೆ, ಇಷ್ಟಿಷ್ಟೇ ಹೊರಗೆ. ಹೊಸ ಕೋರೆಹಲ್ಲು ಅಚ್ಚ ಬಿಳಿ. ಆಮೇಲೆ ಕೆಂಪಾಗಿ, ಕಪ್ಪಾಗುತ್ತದೆ. ಕಪ್ಪಾಗುವ ತನಕ ಊಟ ಹಾಕಬಾರದು. ಡಬ್ಬಿಯಲ್ಲಿ ಉಳಿದ ಕ್ರಿಕೆಟ್ ಹುಳವನ್ನೂ ತೆಗೆದುಬಿಡಬೇಕು. ಮೆತ್ತಗಿರುವ ಜೇಡವನ್ನು ಅದೇ ಕಚ್ಚಿ ತಿಂದೀತು.

ಕುಂಭಕರ್ಣ ಇದೊಂದನ್ನೂ ನನಗೆ ತೋರಿಸಿಲ್ಲ. ಬಿಲದ ಬಾಯಿಗೆ ಮಣ್ಣು, ನೂಲು ಮೆತ್ತಿ ಒಳಗೆ ಕೂತುಬಿಡುತ್ತಾನೆ. ತಿಂಗಳುಗಳಾದ ಮೇಲೆ ಬಾಗಿಲು ತೆರೆದು, ಹಳೇ ಪೊರೆಯನ್ನು ಮುದ್ದೆ ಮಾಡಿ ಆಚೆ ಎಸೆಯುತ್ತಾನೆ. ನನಗೆ ಸಿಗುವುದು ಅದೊಂದೇ. ಎರಡನೇ ವರ್ಷ ನಾಲ್ಕು ತಿಂಗಳು ಸುದ್ದಿಯೇ ಇಲ್ಲದಾಗ ತಡೆಯಲಾರದೆ ಚಮಚದಲ್ಲಿ ಅಗೆದೆ. ಗುಂಡುಕಲ್ಲಿನಂತೆ ಕೂತಿದ್ದ, ಮುಂಗಾಲು ಎತ್ತಿ ನನಗೇ ಹೆದರಿಸಿದ. ಬಿಲ ಪೂರ್ತಿ ಕುಸಿಯಿತು. ಮತ್ತೆ ತೋಡಲು ಅರ್ಧ ವರ್ಷ ತೆಗೆದುಕೊಂಡ. ನೀವು ಹಾಗೆ ಮಾಡಬೇಡಿ.

ಇಷ್ಟು ಹೇಳಿದ ಮೇಲೆ ಗುಂಗುರನೇ ಗೆದ್ದ ಅಲ್ವಾ? ಮೊದಲ ಸಲ ಸಾಕುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಸಿಟ್ಟು ಬಂದರೆ ಹಿಂಗಾಲಿನಿಂದ ಹೊಟ್ಟೆಯ ರೋಮ ಉದುರಿಸುತ್ತಾನೆ, ಅದು ತಾಗಿದರೆ ತುರಿಕೆ. ಕಣ್ಣಿಗೆ ಬೀಳದಂತೆ ನೋಡಿಕೊಂಡರೆ ಸಾಕು.

ಆದರೆ ಕಳೆದ ಮಾರ್ಚ್‌ನಲ್ಲಿ 12ನೇ ಪೊರೆ ಬಿಟ್ಟಾಗ ಮುಂಗಾಲುಗಳಲ್ಲಿ ಸಣ್ಣ ಕೊಕ್ಕೆ ಕಂಡವು. ಬಾಯಿ ಪಕ್ಕದ ಕೈಗಳ ತುದಿ ಬಾಕ್ಸಿಂಗ್ ಗ್ಲೌಸ್ ಥರ ಊದಿಕೊಂಡಿತ್ತು. ಅಂದರೆ ಗಂಡು, ಪ್ರಾಯಕ್ಕೆ ಬಂದಾಯಿತು. ಇನ್ನು ಬೆಳೆಯುವುದಿಲ್ಲ, ಬದುಕುವುದು ಸಾಮಾನ್ಯವಾಗಿ ಒಂದು ವರ್ಷ, ಹೆಚ್ಚೆಂದರೆ ಇನ್ನಷ್ಟು ತಿಂಗಳು. ಬಿಲದ ಕಡೆ ತಿರುಗಿಯೂ ನೋಡುತ್ತಿಲ್ಲ. ರಾತ್ರಿಯಿಡೀ ಗಾಜಿನ ಗೋಡೆಗುಂಟ ಓಡಾಡುತ್ತಾನೆ. ಇಲ್ಲಿ ಜುಲೈ, ಆಗಸ್ಟ್‌ನಲ್ಲಿ ಮಳೆ ಬಂದ ಮೇಲೆ ಕಾಡಿನ ಗಂಡು ಟರಾಂಟುಲಾಗಳು ಹೆಣ್ಣು ಹುಡುಕಿಕೊಂಡು ರಸ್ತೆ ದಾಟುತ್ತವೆ. ಅದೇ ನಡಿಗೆ. ಬೇಗ ಬೆಳೆಯಲಿ ಅಂತ ವಾರಕ್ಕೆರಡು ಸಲ ಊಟ ಹಾಕಿದವನು ನಾನೇ. ಸುಮ್ನೆ ಇದ್ದಿದ್ದರೆ ಇನ್ನೊಂದೆರಡು ವರ್ಷ ಇರುತ್ತಿದ್ದನೇನೋ.

ಕುಂಭಕರ್ಣ ಗಂಡೇ ಆಗಿದ್ದರೂ ಪ್ರಾಯಕ್ಕೆ ಬರಲು ಎಂಟು ಹತ್ತು ವರ್ಷ ಬೇಕು. ಹೆಣ್ಣಾಗಿದ್ದರೆ 25 ವರ್ಷ ದಾಟಬಹುದು, ಮಗಳ ಮದುವೆಗೂ ಇರುತ್ತಾಳೆ.

ಊರಲ್ಲಿರುವವರಿಗೆ ಒಂದು ಮಾತು. ನಮ್ಮ ಮಲೆನಾಡಿನ ರಸ್ತೆ ಪಕ್ಕದ ಧರೆಗಳಲ್ಲೂ ಬಿಲದಲ್ಲಿ ಬದುಕುವ ಟರಾಂಟುಲಾಗಳಿವೆ. ಮಳೆಗಾಲದ ರಾತ್ರಿ ಟಾರ್ಚು ಹಿಡಿದು ನೋಡಿ. ಅಗೆದು ಮನೆಗೆ ತರಬೇಡಿ.

ಕುಂಭಕರ್ಣ ಅಕ್ಟೋಬರ್‌ನಲ್ಲಿ ಬಾಗಿಲು ಮುಚ್ಚಿದವನು ಇನ್ನೂ ತೆರೆದಿಲ್ಲ. ವಾರಕ್ಕೊಮ್ಮೆ ಡಬ್ಬಿಯ ಮೂಲೆಗೆ ಎರಡು ಚಮಚ ನೀರು ಬಿಡುತ್ತೇನೆ. ನಿನ್ನೆ ಬಿಲದ ಮುಚ್ಚಳದ ಮೇಲೆ ಒಂದು ಕೂದಲೆಳೆಯಷ್ಟು ಬಿರುಕು ಕಂಡಿತು. ಮಣ್ಣು ಒಣಗಿ ಬಿರಿದಿದ್ದೂ ಇರಬಹುದು.