ಕಲಬುರಗಿಯ ಜಗತ್ ವೃತ್ತದ ಬಳಿ ಚಾದಂಗಡಿಯ ಫುಟ್‌ಬಾಲ್ ಟಿವಿ

65 ಇಂಚಿನ ಟಿವಿ ಚಲೋ ಅದ, ಹೊಂದಿಸಿದ್ದು ಸರಿ ಇಲ್ಲ. ಎದುರಿನ ಟ್ಯೂಬ್‌ಲೈಟ್ ಗಾಜಿನಲ್ಲಿ ಹೊಳೆದು ಮೈದಾನದ ಎಡ ಅಂಚು (ವಿಂಗ್) ಪೂರಾ ಮುಚ್ಚುತ್ತದೆ. ಅದೊಂದನ್ನು ಆರಿಸಿದರೆ ಸಾಕು. ಚಲನೆ ನಯವಾಗಿಸಲು ಟಿವಿ ತಾನೇ ನಡುನಡುವೆ ಚಿತ್ರ ಸೇರಿಸುವ ಮೋಷನ್ ಸ್ಮೂತಿಂಗ್ ಬಂದ್ ಮಾಡಬೇಕು, ಉದ್ದ ಪಾಸ್‌ನಲ್ಲಿ ಚೆಂಡಿನ ಸುತ್ತ ಮಸುಕು ಮೂಡುವುದು ಅದರಿಂದಲೇ. ಆ್ಯಪ್‌ನ ಚಿತ್ರ ಡಿಶ್‌ಗಿಂತ ತಡ, ಹಾಗಾಗಿ ಪಕ್ಕದವರ ಕೂಗೇ ಗೋಲು ಹೇಳಿಬಿಡುತ್ತದೆ.

ಪ್ರಸಾರದ್ದೂ ತಪ್ಪಿದೆ. ಥ್ರೋ-ಇನ್ ವೇಳೆ ಕೋಚ್ ಮುಖ ತೋರಿಸಿದರೆ ಡಿಫೆನ್ಸ್ ಸಾಲು ಸರಿದದ್ದೇ ಕಾಣದು. ಆದರೂ ಆಫ್‌ಸೈಡ್ ರಿಪ್ಲೇಗೆ ಟಿವಿಯೇ ಬೇಕು.

2026ರ ವಿಶ್ವಕಪ್ಪಿಗೆ 48 ತಂಡ, 104 ಪಂದ್ಯ. ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ ನಡೆಯುವುದರಿಂದ ಬಹಳಷ್ಟು ಇಲ್ಲಿ ನಡುರಾತ್ರಿ, ನಸುಕಿನಲ್ಲಿ. ಆ ಹೊತ್ತಿಗೂ ಬಿಸಿ ಸುಸಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಕೊಡುತ್ತಾರೆ, ಅದು ದೊಡ್ಡದು.