ಬಣ್ಣ ತಿನ್ನುವ ಪುಡಿ: ಐದಕ್ಕೆ ಮೂರು

ವೈ.ಎನ್. ಹೊಸಕೋಟೆಯಂಥ ರೇಷ್ಮೆಸೀರೆ ಊರುಗಳ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕಗಳಿಗೆಂದು, ಅವುಗಳ ತ್ಯಾಜ್ಯ ನೀರಿನ ಬಣ್ಣ ತೆಗೆಯಲು ಮಾರುವ ಬ್ಯಾಕ್ಟೀರಿಯಾ ಪುಡಿ ಇದು, ಒಂದು ಕೆಜಿ ಪೊಟ್ಟಣ. ‘24 ಗಂಟೆಯಲ್ಲಿ ಬಣ್ಣ ಮಾಯ’ ಅಂತ ಬರೆದಿದ್ದಾರೆ. ಸುಳ್ಳೇನಲ್ಲ, ಆದರೆ ಬಣ್ಣ ಹೋದ ಮಾತ್ರಕ್ಕೆ ನೀರು ಹಳ್ಳಕ್ಕೆ ಬಿಡುವಂತಾಗುವುದಿಲ್ಲ.

ಗಾಳಿಯಾಡದ ಮುಚ್ಚಿದ ತೊಟ್ಟಿಯಲ್ಲಿ ಈ ಜೀವಾಣುಗಳು ಅಜೋ ಬಣ್ಣದ (ಹೆಚ್ಚು ಬಳಕೆಯ ಕೃತಕ ಬಣ್ಣಗಳ ಒಂದು ಗುಂಪು) ಸಾರಜನಕದ ಜೋಡಿಕೊಂಡಿಯನ್ನು ಕಡಿಯುತ್ತವೆ, ಅಷ್ಟೆ. ಕಡಿದುಳಿಯುವ ತುಂಡುಗಳಾದ ಅಮೀನ್‌ಗಳಿಗೆ ಬಣ್ಣವಿಲ್ಲ, ವಿಷವಿದೆ. ಅವು ನಾಶವಾಗಬೇಕಾದರೆ ಗಾಳಿ ಊದುವ ಬ್ಲೋವರ್ ಇರುವ ಎರಡನೇ ತೊಟ್ಟಿ ಬೇಕು, ಲೀಟರಿಗೆ 2 ಮಿಗ್ರಾಂ ಆಮ್ಲಜನಕ ನಿಲ್ಲಬೇಕು. ಮೊದಲ ತೊಟ್ಟಿಗೇ ಗಾಳಿ ಬಿಟ್ಟರೆ ಬಣ್ಣದ ಗೋಜಿಗೇ ಜೀವಾಣುಗಳು ಹೋಗವು. ಪೊಟ್ಟಣದಲ್ಲಿ ಇದರ ಸುದ್ದಿಯೇ ಇಲ್ಲ. ಎರಡು ಅಂಕ ಹೋದದ್ದು ಇಲ್ಲೇ.

ಪುಡಿಯನ್ನು ನೇರ ಸುರಿಯಿರಿ ಎಂಬ ಪೊಟ್ಟಣದ ಸೂಚನೆಯೂ ಸರಿಯಲ್ಲ. ಕ್ಲೋರಿನ್ ಇಲ್ಲದ 20 ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಕೆಜಿ ಬೆಲ್ಲ ಕರಗಿಸಿ, ಪುಡಿ ಕದಡಿ, ರಾತ್ರಿಯಿಡೀ ಬಿಡಿ. ಬಣ್ಣದ ಕಡಾಯಿಯ ನೀರು 85–90 ಡಿಗ್ರಿ, ಪಿಎಚ್ 4–5. ರೇಷ್ಮೆಯ ಅಂಟು ತೆಗೆದ ಸೋಪು-ಸೋಡಾ ನೀರು 10ರ ಹತ್ತಿರ. ಎರಡನ್ನೂ ಒಂದೇ ಗುಂಡಿಗೆ ಬಿಟ್ಟರೆ ಹುಳಿ-ಕ್ಷಾರ ತಾವೇ ಕಾದಾಡಿ ತಣಿಯುತ್ತವೆ, ಇನ್ನೂ ಹುಳಿ ಉಳಿದರೆ ಒಂದಿಷ್ಟು ಸುಣ್ಣದ ತಿಳಿ ಸಾಕು. ಪಿಎಚ್ 7ರ ಆಸುಪಾಸು, ಶಾಖ 38ರೊಳಗೆ ಬರುವ ತನಕ ಪುಡಿ ಮುಟ್ಟಬೇಡಿ.

ಜೀವಾಣುಗಳಿಗೆ ಆಹಾರವಾಗಿ ಸಾರಜನಕ, ರಂಜಕವೂ ಬೇಕು. ಅಂಟು ನೀರು ಸೇರಿದ್ದರೆ ಯೂರಿಯ ದಂಡ, ಆ ಅಂಟಿನ ಸೆರಿಸಿನ್ ಪ್ರೋಟೀನಿನಲ್ಲೇ ಸಾರಜನಕವಿದೆ. ಬರೀ ಬಣ್ಣದ ನೀರಾದರೆ, 10,000 ಲೀಟರಿಗೆ, ಸಿಒಡಿ (ನೀರಿನ ಕೊಳೆಯನ್ನು ಸುಡಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 1,500 ಮಿಗ್ರಾಂ ಇದ್ದಲ್ಲಿ, ಗಾಳಿ ತೊಟ್ಟಿಗೆ ಯೂರಿಯ 1.3 ಕೆಜಿ, ಡಿಎಪಿ 750 ಗ್ರಾಂ.

ಹೈಡ್ರೋಸ್ ಹಾಕಿ ಬಣ್ಣ ಕಿತ್ತ ನೀರನ್ನು ಬೇರೆ ಇಡಿ. ಗಾಳಿ ತೊಟ್ಟಿಯ ಆಮ್ಲಜನಕವನ್ನೆಲ್ಲ ಅದೇ ನುಂಗುತ್ತದೆ. ಕ್ರೋಮ್ ಇರುವ ಕಪ್ಪು, ನೇವಿ ಬಣ್ಣಗಳ ಲೋಹ ಎಲ್ಲೂ ಹೋಗದು, ಕೆಸರಿನಲ್ಲೇ ಕೂರುತ್ತದೆ. ಆ ಕೆಸರನ್ನು ಕಡಲೆಕಾಯಿ ಹೊಲಕ್ಕೆ ಹಾಕಬೇಡಿ. ನೀರಿನಲ್ಲಿರುವ ಉಪ್ಪಂತೂ ಕಿಂಚಿತ್ತೂ ಇಳಿಯುವುದಿಲ್ಲ.

ನಡೆಯುತ್ತಿರುವ ಕೊಳಚೆ ನೀರು ಶುದ್ಧೀಕರಣ ಘಟಕದ ಕೆಸರು ನಾಲ್ಕು ಡ್ರಮ್ ಸಿಕ್ಕರೆ ಗಾಳಿ ತೊಟ್ಟಿಗೆ ಪುಡಿಯ ಹಂಗೇ ಇಲ್ಲ, ಬೇಕಾದ ಜೀವಾಣುಗಳು ಅದರಲ್ಲೇ ಇವೆ.

ಕೊಳ್ಳುವ ಮುಂಚೆ ಒಂದು ಬಾಟಲಿಯ ಕತ್ತಿನವರೆಗೆ, ಮೇಲೆ ಹೇಳಿದ ಹದಕ್ಕೆ ತಂದ ನಿಮ್ಮದೇ ಬಣ್ಣದ ನೀರು ತುಂಬಿ, ಚಿಟಿಕೆ ಪುಡಿ, ಚೂರು ಬೆಲ್ಲ ಹಾಕಿ ಬಿಗಿಯಾಗಿ ಮುಚ್ಚಿಡಿ. ತಿಳಿಯಾದ ನೀರನ್ನು ಬಿಳಿ ತಟ್ಟೆಗೆ ಸುರಿದು ಒಂದು ದಿನ ತೆರೆದಿಡಿ. ಮತ್ತೆ ಕಂದುಬಣ್ಣಕ್ಕೆ ತಿರುಗಿದರೆ ಅಮೀನ್ ಅಲ್ಲೇ ಇದೆ, ಬ್ಲೋವರಿಗೆ ದುಡ್ಡು ಎತ್ತಿಡಿ.